ವಿಚಾರಿಸಿ ಬರೆದ ವೈದ್ಯ ಲೂಕ

ನಮ್ಮ ಯೌವನಸ್ಥರು ಕಾಲೇಜಿಂದ ಒಂದು ಪ್ರಶ್ನೆ ಹೊತ್ತುಕೊಂಡು ಬರ್ತಾರೆ. ಬೈಬಲ್ ಬರೆದವರು ಮನುಷ್ಯರೇ ಅಲ್ವಾ, ಅದು ದೇವರ ವಾಕ್ಯ ಹೇಗಾಗುತ್ತೆ ಅಂತ. ಇದಕ್ಕೆ ಕೆಲವರ ನಂಬಿಕೆಯೇ ಅಲ್ಲಾಡಿ ಹೋಗುತ್ತೆ. ಇವತ್ತು ಲೂಕನ ಜೀವಿತ ನೋಡೋಣ.

ಲೂಕನು ವೈದ್ಯ. ಹನ್ನೆರಡು ಮಂದಿ ಅಪೊಸ್ತಲರಲ್ಲಿ ಒಬ್ಬನಲ್ಲ. ಯೆಹೂದ್ಯನೂ ಅಲ್ಲ ಅಂತ ಕೊಲೊಸ್ಸೆ ಪತ್ರದ ಕೊನೇ ಅಧ್ಯಾಯ ಓದಿದವರಲ್ಲಿ ಹೆಚ್ಚಿನವರು ಹೇಳ್ತಾರೆ. ಆದರೂ ಹೊಸ ಒಡಂಬಡಿಕೆಯ ಕಾಲು ಭಾಗಕ್ಕಿಂತ ಹೆಚ್ಚು ಅವನೊಬ್ಬನ ಬರಹ. ಪಂಚಾಶತ್ತಮ ದಿನದ ಬೆಂಕಿಯ ನಾಲಿಗೆಗಳನ್ನು ನಾವು ಇಷ್ಟು ಸಾರುತ್ತೇವಲ್ಲ, ಅದು ನಮಗೆ ಸಿಕ್ಕಿದ್ದು ಅವನಿಂದಲೇ. ಆ ದಿನ ಅವನು ಅಲ್ಲಿದ್ದನೆಂದು ಎಲ್ಲೂ ಬರೆದುಕೊಂಡಿಲ್ಲ!

ಹಾಗಾದ್ರೆ ಅವನಿಗೆ ಹೇಗೆ ಗೊತ್ತಾಯ್ತು? ಸುವಾರ್ತೆಯ ಆರಂಭದಲ್ಲಿ ಅವನೇ ಹೇಳ್ತಾನೆ. ಕಣ್ಣಾರೆ ಕಂಡವರು ತಿಳಿಸಿದ್ದನ್ನು ಮೊದಲಿಂದ ವಿಚಾರಿಸಿ, ಥೆಯೊಫಿಲನಿಗೆ ಕ್ರಮವಾಗಿ ಬರೆದನು. ದರ್ಶನ ಬಂತು, ಯಾರೋ ಕೈ ಹಿಡಿದು ಬರೆಸಿದ್ರು ಅನ್ನೋ ಮಾತೇ ಅಲ್ಲಿಲ್ಲ.

ಅಪೊಸ್ತಲರ ಕೃತ್ಯಗಳು 16ರಲ್ಲಿ ಗಮನಿಸಿ. ತ್ರೋವದ ತನಕ ಅವರು, ಅವರು ಅಂತಿದ್ದ ಕಥೆ, ಥಟ್ಟನೆ ನಾವು ಅಂತ ಆಗುತ್ತೆ. ಲೂಕ ಪೌಲನ ಜೊತೆ ಹಡಗು ಹತ್ತಿದ. ಮುಂದೆ ಕೈಸರೈಯದಲ್ಲಿ ಸುವಾರ್ತಿಕ ಫಿಲಿಪ್ಪನ ಮನೆಯಲ್ಲಿ ಇಳಿದುಕೊಂಡ. ಯೆರೂಸಲೇಮಿನಲ್ಲಿ ಯಾಕೋಬನನ್ನು ಕಂಡ. ಆಮೇಲೆ ಪೌಲ ಕೈಸರೈಯದ ಸೆರೆಯಲ್ಲಿ 2 ವರ್ಷ. ಆ ಕಾಲದಲ್ಲೇ ಲೂಕ ಮನೆಮನೆಗೆ ಹೋಗಿ ಕೇಳಿರಬೇಕು ಅಂತ ನನಗನಿಸುತ್ತೆ. ಮರಿಯಳು ಹೃದಯದಲ್ಲಿ ಇಟ್ಟುಕೊಂಡಿದ್ದ ಸಂಗತಿ, ಜಕ್ಕಾಯ, ತಪ್ಪಿಹೋದ ಮಗನ ಸಾಮ್ಯ, ಎಮ್ಮಾಹುವಿನ ದಾರಿ, ಇವೆಲ್ಲ ಅವನ ಸುವಾರ್ತೆಯಲ್ಲಿ ಮಾತ್ರ ಇವೆ.

ಪವಿತ್ರಾತ್ಮನು ಅವನ ವೈದ್ಯಬುದ್ಧಿಯನ್ನು ಅಳಿಸಲಿಲ್ಲ ನೋಡ್ರಿ. ಪೇತ್ರನ ಅತ್ತೆಗೆ ಜ್ವರ ಅಂತ ಬೇರೆಯವರು ಬರೆದ್ರೆ, ಇವನು ಕಠಿಣ ಜ್ವರ ಅಂತಾನೆ. ರಕ್ತಸ್ರಾವದ ಹೆಂಗಸು ವೈದ್ಯರ ಕೈಯಲ್ಲಿ ಪಾಡುಪಟ್ಟು ಇನ್ನೂ ಕೆಟ್ಟಳು ಅಂತ ಮಾರ್ಕನು ಬರೀತಾನೆ. ಲೂಕ ಮಾತ್ರ ಯಾರಿಂದಲೂ ವಾಸಿಯಾಗಲಿಲ್ಲ ಅಂತ ಹೇಳಿ ಮುಗಿಸ್ತಾನೆ. ಡಾಕ್ಟರಲ್ವಾ! ಬಿರುಗಾಳಿಗೆ ಸಿಕ್ಕ ಹಡಗಲ್ಲೂ ಅವನ ಲೆಕ್ಕ ತಪ್ಪಲಿಲ್ಲ. ನೀರಿನ ಆಳ 20 ಮಾರು, ಸ್ವಲ್ಪ ಮುಂದೆ 15. ಹಡಗಿನಲ್ಲಿದ್ದವರು 276 ಮಂದಿ.

ಇಷ್ಟು ಮನುಷ್ಯಪ್ರಯತ್ನ ಇದ್ರೆ ದೈವಪ್ರೇರಣೆ ಎಲ್ಲಿ ಅಂತೀರಾ? 1 ತಿಮೊಥೆ 5:18 ತೆಗೆಯಿರಿ. ಮೋಶೆಯ ಧರ್ಮಶಾಸ್ತ್ರದ ಎತ್ತಿನ ಮಾತಿನ ಪಕ್ಕದಲ್ಲೇ, ಲೂಕ 10ರಲ್ಲಿರುವ ಕೂಲಿಯ ಮಾತನ್ನು ಇಟ್ಟು ಶಾಸ್ತ್ರ ಅಂತ ಕರೆದಿದೆ. ಆ ವಿಚಾರಣೆಯ ಒಳಗೇ ಆತ್ಮನು ಕೆಲಸ ಮಾಡ್ತಿದ್ದನು, ಪ್ರಿಯರೇ. ಸ್ತೋತ್ರ!

ಕೊನೆಗೆ ಪೌಲ ಮತ್ತೆ ಸೆರೆಯಲ್ಲಿ. ದೇಮನು ಬಿಟ್ಟುಹೋದ, ಉಳಿದವರೂ ಬೇರೆ ಬೇರೆ ಕಡೆ ಹೋದ್ರು. ಜೊತೆಗೆ ಉಳಿದವನು ಲೂಕ ಒಬ್ಬನೇ.

ಈಗ ಲೂಕ 1 ತೆಗೆಯೋಣ. ಯೌವನಸ್ಥರಲ್ಲಿ ಯಾರಾದರೂ ಎದ್ದು ಮೊದಲ 4 ವಚನ ಗಟ್ಟಿಯಾಗಿ ಓದಿರಿ.