ಹೊಗೆಮಂಜಿನ ಗುಟ್ಟನ್ನು ಬಿಡಿಸಿದ ವಿಜ್ಞಾನಿ

ಅನ್ನವಿಲ್ಲದೆ ಮನುಷ್ಯನು ಕೆಲವು ವಾರ, ನೀರಿಲ್ಲದೆ ಕೆಲವು ದಿನ ಬದುಕಬಲ್ಲನು. ಗಾಳಿಯಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಬದುಕಲಾರನು. ಪ್ರಾಣಾಧಾರವಾದ ಈ ಗಾಳಿ ಆಧುನಿಕ ನಗರಗಳಲ್ಲಿ ಕೆಡುವ ಬಗೆಯನ್ನು ಶೋಧಿಸಿ, ಆ ಅರಿವನ್ನು ಲೋಕಕ್ಕೆ ನೀಡಿದವರಲ್ಲಿ ಆರೀ ಯಾನ್ ಹಾಗೆನ್‌ಸ್ಮಿಟ್ ಅಗ್ರಗಣ್ಯರು.

ಹಾಗೆನ್‌ಸ್ಮಿಟ್ 1900ನೆಯ ಇಸವಿ ಡಿಸೆಂಬರ್ 22ರಂದು ಹಾಲೆಂಡ್ ದೇಶದ ಯುಟ್ರೆಕ್ಟ್ ನಗರದಲ್ಲಿ ಜನಿಸಿದರು. ಅವರ ತಂದೆ ಅಲ್ಲಿಯ ಟಂಕಸಾಲೆಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದರು. ಯುಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ ಹಾಗೆನ್‌ಸ್ಮಿಟ್, ಸಸ್ಯಗಳ ಬೆಳವಣಿಗೆಗೆ ಪ್ರೇರಕವಾದ ವಸ್ತುಗಳನ್ನು ಕುರಿತ ಸಂಶೋಧನೆಯಿಂದ ತರುಣ ವಯಸ್ಸಿನಲ್ಲಿಯೇ ಕೀರ್ತಿ ಪಡೆದರು. 1937ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ತಂತ್ರಜ್ಞಾನ ಸಂಸ್ಥೆಯನ್ನು ಸೇರಿದರು. ಅನಾನಸ್ ಹಣ್ಣಿನ ಪರಿಮಳ ಯಾವ ಯಾವ ವಸ್ತುಗಳಿಂದ ಉಂಟಾಗುತ್ತದೆ ಎಂಬುದನ್ನು ಕಂಡುಹಿಡಿಯುವ ಸೂಕ್ಷ್ಮ ಕಾರ್ಯದಲ್ಲಿ ಅವರು ತೊಡಗಿದ್ದರು.

ಆ ಕಾಲಕ್ಕೆ ಸಮೀಪದ ಲಾಸ್ ಏಂಜಲೀಸ್ ನಗರವನ್ನು ವಿಚಿತ್ರವಾದ ಹೊಗೆಮಂಜು ಕಾಡುತ್ತಿತ್ತು. 1943ರ ಜುಲೈ ತಿಂಗಳಿನಲ್ಲಿ ಅದು ಎಷ್ಟು ದಟ್ಟವಾಗಿ ಕವಿಯಿತೆಂದರೆ, ಯುದ್ಧದ ಭೀತಿಯಲ್ಲಿದ್ದ ಜನರು ಶತ್ರುಗಳು ವಿಷಾನಿಲವನ್ನು ಬಿಟ್ಟಿರಬಹುದೆಂದು ಶಂಕಿಸಿದರು. ಕಣ್ಣುಗಳು ಉರಿಯುತ್ತಿದ್ದವು, ಸೊಪ್ಪಿನ ಬೆಳೆಗಳ ಎಲೆಗಳು ಬಾಡುತ್ತಿದ್ದವು. ಲಂಡನ್ನಿನ ಹೊಗೆಮಂಜಿಗೆ ಕಲ್ಲಿದ್ದಲಿನ ಹೊಗೆಯೂ ಗಂಧಕದ ಅನಿಲವೂ ಕಾರಣವಾಗಿದ್ದವು. ಆದುದರಿಂದ ಇಲ್ಲಿಯೂ ಗಂಧಕವೇ ಅಪರಾಧಿಯೆಂದು ಬಹುಮಂದಿ ಭಾವಿಸಿದರು. ಆದರೆ ಕಾರ್ಖಾನೆಗಳ ಗಂಧಕವನ್ನು ತಗ್ಗಿಸಿದರೂ ಉಪದ್ರವ ನೀಗಲಿಲ್ಲ.

ಹಣ್ಣಿನ ಪರಿಮಳವನ್ನು ಶೋಧಿಸುತ್ತಿದ್ದ ಕ್ರಮವನ್ನೇ ಹಾಗೆನ್‌ಸ್ಮಿಟ್ ನಗರದ ಗಾಳಿಗೆ ಅನ್ವಯಿಸಿದರು. ಅಪಾರ ಪ್ರಮಾಣದ ಗಾಳಿಯನ್ನು ತಂಪುಗೊಳಿಸಿ, ಅದರಿಂದ ದೊರೆತ ಕೆಲವೇ ಹನಿ ದ್ರವವನ್ನು ಪರೀಕ್ಷಿಸಿದರು. ವಾಹನಗಳಿಂದಲೂ ತೈಲ ಶುದ್ಧೀಕರಣ ಕೇಂದ್ರಗಳಿಂದಲೂ ಹೊರಬೀಳುವ ಹೈಡ್ರೋಕಾರ್ಬನ್ನುಗಳು ನೈಟ್ರೋಜನ್ ಆಕ್ಸೈಡುಗಳೊಡನೆ ಬೆರೆತಾಗ, ಸೂರ್ಯನ ಬೆಳಕಿನಲ್ಲಿ ಓಜೋನ್ ಹುಟ್ಟುತ್ತದೆ ಎಂಬ ಸತ್ಯ ಅವರಿಗೆ ಗೋಚರಿಸಿತು. ಬಾಗಿಸಿದ ರಬ್ಬರಿನ ಪಟ್ಟಿಯನ್ನು ಗಾಳಿಗೆ ಒಡ್ಡಿ, ಅದು ಬಿರುಕು ಬಿಡಲು ಹಿಡಿಯುವ ಕಾಲದಿಂದ ಓಜೋನಿನ ಪ್ರಮಾಣವನ್ನು ಅಳೆದರು.

ಈ ನಿರ್ಣಯವನ್ನು ತೈಲೋದ್ಯಮಿಗಳು ಒಪ್ಪಲಿಲ್ಲ. ಅವರ ನೆರವು ಪಡೆದ ಸಂಶೋಧಕರು ಇದನ್ನು ಬಹಿರಂಗವಾಗಿಯೇ ಖಂಡಿಸಿದರು. ಹಾಗೆನ್‌ಸ್ಮಿಟ್ ವಾಗ್ವಾದದಲ್ಲಿ ಕಾಲ ಕಳೆಯದೆ, ತಮಗೆ ಪ್ರಿಯವಾಗಿದ್ದ ಪರಿಮಳದ ಸಂಶೋಧನೆಯನ್ನು ಬದಿಗಿರಿಸಿ, ಪ್ರಯೋಗಗಳ ಮೇಲೆ ಪ್ರಯೋಗಗಳನ್ನು ನಡೆಸಿದರು. 1952ರಲ್ಲಿ ತಮ್ಮ ಫಲಿತಾಂಶಗಳನ್ನು ವಿಸ್ತಾರವಾಗಿ ಪ್ರಕಟಿಸಿ, ಯಾರು ಬೇಕಾದರೂ ಪರೀಕ್ಷಿಸಬಹುದಾದಂತೆ ವಿಜ್ಞಾನಲೋಕದ ಮುಂದಿಟ್ಟರು. ಕಾಲಕ್ರಮದಲ್ಲಿ ಇತರರ ಪ್ರಯೋಗಗಳೂ ಅದನ್ನು ಸಮರ್ಥಿಸಿದವು.

ಒಂದು ನಗರದ ಸಂಕಟದಿಂದ ಮೂಡಿದ ಈ ಜ್ಞಾನ ಅನ್ಯದೇಶಗಳಿಗೂ ದಾರಿದೀಪವಾಯಿತು. 1970ರಲ್ಲಿ ಜಪಾನಿನ ಟೋಕಿಯೋ ನಗರದ ಶಾಲೆಯೊಂದರ ಮೈದಾನದಲ್ಲಿ ವಿದ್ಯಾರ್ಥಿಗಳು ಅಸ್ವಸ್ಥರಾದಾಗ, ಅದಕ್ಕೆ ಬಿಸಿಲಿನಲ್ಲಿ ಹುಟ್ಟುವ ಇಂತಹ ಹೊಗೆಮಂಜೇ ಕಾರಣವೆಂದು ಗುರುತಿಸಲಾಯಿತು. ಭಾರತವು 2009ರಲ್ಲಿ ಪ್ರಕಟಿಸಿದ ವಾಯು ಗುಣಮಟ್ಟದ ಮಾನದಂಡಗಳಲ್ಲಿಯೂ ಓಜೋನಿಗೆ ಮಿತಿಯನ್ನು ವಿಧಿಸಲಾಗಿದೆ.

1968ರಲ್ಲಿ ಕ್ಯಾಲಿಫೋರ್ನಿಯದ ವಾಯು ಸಂಪನ್ಮೂಲ ಮಂಡಳಿಯ ಪ್ರಥಮ ಅಧ್ಯಕ್ಷರಾದ ಹಾಗೆನ್‌ಸ್ಮಿಟ್, ವಾಹನಗಳ ಹೊಗೆಯನ್ನು ನಿಯಂತ್ರಿಸಲು ಶ್ರಮಿಸಿದರು. 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಅವರಿಗೆ ಸಂದಿತು. 1977ರ ಮಾರ್ಚ್ 17ರಂದು ಅವರು ನಿಧನರಾದರು.

ಗಾಳಿಗೆ ದೇಶಗಳ ಗಡಿಯಿಲ್ಲ. ಅದನ್ನು ಕಾಪಾಡುವ ಅರಿವಿಗೂ ಗಡಿಯಿರಬಾರದು. ಪ್ರಬಲರ ವಿರೋಧಕ್ಕೆ ಅಂಜದೆ ಸತ್ಯವನ್ನು ಶೋಧಿಸಿ, ಅದನ್ನು ಎಲ್ಲರೊಡನೆ ಹಂಚಿಕೊಂಡ ಹಾಗೆನ್‌ಸ್ಮಿಟ್ ಅವರ ಬಾಳು ಈ ಮಾತಿಗೆ ಉಜ್ವಲ ನಿದರ್ಶನವಾಗಿದೆ.