ಕಂಪನಿಯ ಮೇಲೆ ಕಂಪನಿ, ಸಾಲದ ಮೇಲೆ ಸಾಲ: ಸ್ಯಾಮ್ಯುಯೆಲ್ ಇನ್ಸಲ್ ಎಂಬ ಕರೆಂಟ್ ದೊರೆಯ ಕತೆ

1938ರ ಜುಲೈ 16. ಪ್ಯಾರಿಸ್‌ನ ಮೆಟ್ರೋ ನಿಲ್ದಾಣವೊಂದರಲ್ಲಿ 78 ವರ್ಷದ ಮುದುಕನೊಬ್ಬ ಹೃದಯಾಘಾತದಿಂದ ಕುಸಿದು ಸತ್ತ. ಜೇಬಿನಲ್ಲಿ ಸಿಕ್ಕಿದ್ದು ಒಂದಷ್ಟು ಚಿಲ್ಲರೆ ಮಾತ್ರ. ಹತ್ತು ವರ್ಷದ ಹಿಂದೆ ಇದೇ ಮನುಷ್ಯನ ಕಂಪನಿಗಳು ಅಮೆರಿಕದ ಸುಮಾರು 30 ರಾಜ್ಯಗಳಲ್ಲಿ ಕರೆಂಟ್, ಗ್ಯಾಸ್ ಮಾರುತ್ತಿದ್ದವು. ಹೆಸರು ಸ್ಯಾಮ್ಯುಯೆಲ್ ಇನ್ಸಲ್.

ಈ ಹೆಸರು ನೀವು ಕೇಳಿರಲಿಕ್ಕಿಲ್ಲ. ಆದರೆ ಮನೆಗೆ ಬಂದ ಬೆಸ್ಕಾಂ ಅಥವಾ ಹೆಸ್ಕಾಂ ಬಿಲ್ ತೆಗೆದು ನೋಡಿ. ಉರಿಸಿದ ಯೂನಿಟ್‌ಗೆ ಒಂದು ಲೆಕ್ಕ, ಅದರ ಜೊತೆಗೆ ಉರಿಸಲಿ ಬಿಡಲಿ ಕಟ್ಟಲೇಬೇಕಾದ ನಿಗದಿತ ಶುಲ್ಕ. ಈ ಎರಡು ಭಾಗದ ದರವನ್ನು ದೊಡ್ಡ ಮಟ್ಟದಲ್ಲಿ ಚಾಲ್ತಿಗೆ ತಂದವರಲ್ಲಿ ಇನ್ಸಲ್ ಪ್ರಮುಖ. ಕರೆಂಟ್ ದರವನ್ನು ಸರ್ಕಾರಿ ಆಯೋಗವೇ ನಿಗದಿ ಮಾಡಲಿ ಎಂದು 1898ರಲ್ಲೇ ವಾದಿಸಿ ತನ್ನ ಉದ್ಯಮದವರನ್ನೇ ಬೆಚ್ಚಿಬೀಳಿಸಿದವನೂ ಆತನೇ. ಇಷ್ಟೆಲ್ಲ ದೂರ ನೋಡಬಲ್ಲವನು ಬಿದ್ದದ್ದು ಹೇಗೆ? ಉತ್ತರ ಇರುವುದು ಒಂದು ಒಣ ಪ್ರಶ್ನೆಯಲ್ಲಿ: ಒಂದು ವಿದ್ಯುತ್ ಕಂಪನಿ ಸಾಲದ ಮೇಲೆ ಎಷ್ಟು ನಿಂತಿದೆ ಅಂತ ಅಳೆಯೋದು ಹೇಗೆ?

ಗುಮಾಸ್ತನಿಂದ ದೊರೆಯವರೆಗೆ

ಇನ್ಸಲ್ ಹುಟ್ಟಿದ್ದು 1859ರಲ್ಲಿ, ಲಂಡನ್ನಿನಲ್ಲಿ. ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೇ. 14ಕ್ಕೆ ಶಾಲೆ ಬಿಟ್ಟು ಆಫೀಸ್ ಬಾಯ್ ಆದ, ಶೀಘ್ರಲಿಪಿ ಕಲಿತ. ಥಾಮಸ್ ಎಡಿಸನ್‌ನ ಲಂಡನ್ ಏಜೆಂಟರ ಬಳಿ ಕೆಲಸ ಸಿಕ್ಕಿತು. 1881ರಲ್ಲಿ, 21ನೇ ವಯಸ್ಸಿಗೆ, ಅಮೆರಿಕಕ್ಕೆ ಹೋಗಿ ಎಡಿಸನ್‌ನ ಖಾಸಗಿ ಕಾರ್ಯದರ್ಶಿಯಾದ. ಎಡಿಸನ್‌ಗೆ ಬಲ್ಬ್ ಗೊತ್ತಿತ್ತು, ಹಣದ ಲೆಕ್ಕ ಒಗ್ಗುತ್ತಿರಲಿಲ್ಲ. ಆ ಲೆಕ್ಕವೆಲ್ಲ ಈ ಹುಡುಗನ ತಲೆಗೆ ಬಂತು. ಪವರ್ ಸ್ಟೇಷನ್ ಕಟ್ಟೋಕೆ ಮೊದಲೇ ರಾಶಿ ಹಣ ಬೇಕು, ಅದು ವಾಪಸ್ ಬರೋದು ಹತ್ತಾರು ವರ್ಷಗಳಲ್ಲಿ, ಚಿಲ್ಲರೆ ಚಿಲ್ಲರೆಯಾಗಿ ಎಂಬ ಪಾಠ ಅಲ್ಲೇ ಆಯಿತು.

1892ರಲ್ಲಿ ಎಡಿಸನ್ ಕಂಪನಿ ವಿಲೀನಗೊಂಡು ಜನರಲ್ ಎಲೆಕ್ಟ್ರಿಕ್ ಹುಟ್ಟಿತು. ಅಲ್ಲಿನ ದೊಡ್ಡ ಸಂಬಳದ ಹುದ್ದೆ ಬಿಟ್ಟು ಇನ್ಸಲ್ ಚಿಕಾಗೋಗೆ ಹೊರಟ. ಅಲ್ಲಿ ಹತ್ತಾರು ಪುಟ್ಟ ಕಂಪನಿಗಳ ನಡುವೆ ಚಿಕಾಗೋ ಎಡಿಸನ್ ಕೂಡ ಒಂದು, ಅಷ್ಟೇ. ಅದರ ಅಧ್ಯಕ್ಷನಾಗಲು ಆತ ಹಾಕಿದ ಷರತ್ತು ಕುತೂಹಲದ್ದು: ಕಂಪನಿ 2.5 ಲಕ್ಷ ಡಾಲರ್‌ನ ಹೊಸ ಷೇರು ಹೊರಡಿಸಬೇಕು, ಅಷ್ಟನ್ನೂ ತನಗೇ ಮಾರಬೇಕು. ಕೈಯಲ್ಲಿ ಹಣವಿಲ್ಲ. ಚಿಕಾಗೋದ ವ್ಯಾಪಾರಿ ಮಾರ್ಷಲ್ ಫೀಲ್ಡ್ ಸಾಲ ಕೊಟ್ಟ. ಅಂದರೆ ಇನ್ಸಲ್‌ನ ಮೊದಲ ಮಾಲೀಕತ್ವವೇ ಸಾಲದ್ದು.

ಆಮೇಲಿನ ಎರಡು ದಶಕ ಆತನ ಒಳ್ಳೆಯ ಕಾಲ. 1894ರಲ್ಲಿ ಇಂಗ್ಲೆಂಡಿಗೆ ಹೋದಾಗ ಬ್ರೈಟನ್‌ನಲ್ಲಿ ಆರ್ಥರ್ ರೈಟ್ ಎಂಬ ಎಂಜಿನಿಯರ್‌ನ ಮೀಟರ್ ನೋಡಿದ. ಗ್ರಾಹಕ ಎಷ್ಟು ಉರಿಸಿದ ಎನ್ನುವುದರ ಜೊತೆಗೆ ಒಂದೇ ಹೊತ್ತಿಗೆ ಗರಿಷ್ಠ ಎಷ್ಟು ಕೇಳಿದ ಎಂಬುದನ್ನೂ ಅದು ತೋರಿಸುತ್ತಿತ್ತು. ಯಂತ್ರ ಖಾಲಿ ನಿಂತರೂ ಬಡ್ಡಿ ನಿಲ್ಲುವುದಿಲ್ಲವಲ್ಲ? ಹಗಲು ಟ್ರಾಮ್, ಫ್ಯಾಕ್ಟರಿ, ರಾತ್ರಿ ದೀಪ ಅಂತ ಯಂತ್ರವನ್ನು ಸದಾ ದುಡಿಸಿ ಇನ್ಸಲ್ ದರ ಇಳಿಸುತ್ತಾ ಹೋದ. ಶ್ರೀಮಂತರ ಮನೆಯ ಶೋಕಿಯಾಗಿದ್ದ ಕರೆಂಟ್ ಸಾಮಾನ್ಯರ ಮನೆಗೂ ಬಂತು. 1907ರಲ್ಲಿ ಆತನ ಕಂಪನಿಗಳು ಒಂದಾಗಿ ಕಾಮನ್‌ವೆಲ್ತ್ ಎಡಿಸನ್ ಆಯಿತು.

ಇದಕ್ಕೆಲ್ಲ ಹಣ ಬಂದದ್ದು ದೀರ್ಘಾವಧಿ ಬಾಂಡ್‌ಗಳಿಂದ. ಕಟ್ಟಿದ ಸ್ಟೇಷನ್, ಎಳೆದ ತಂತಿಯೇ ಅಡಮಾನ. ಹೊಸ ಆಸ್ತಿ ಸೇರಿದಂತೆಲ್ಲ ಅದೇ ಅಡಮಾನದ ಮೇಲೆ ಇನ್ನಷ್ಟು ಬಾಂಡ್ ಹೊರಡಿಸುವ ವಿಧಾನವನ್ನು ಇನ್ಸಲ್ ವಿದ್ಯುತ್ ಉದ್ಯಮಕ್ಕೆ ತಂದ. ಹತ್ತಾರು ವರ್ಷ ಬಾಳುವ ಯಂತ್ರಕ್ಕೆ ಹತ್ತಾರು ವರ್ಷದ ಸಾಲ. ಇದರಲ್ಲಿ ತಪ್ಪೇನೂ ಇರಲಿಲ್ಲ.

ಹತ್ತು ಪೈಸೆಗೆ ನೂರು ರೂಪಾಯಿ

ತೊಡಕು ಶುರುವಾದದ್ದು 1912ರಲ್ಲಿ ಮಿಡಲ್ ವೆಸ್ಟ್ ಯುಟಿಲಿಟೀಸ್ ಎಂಬ ಹೋಲ್ಡಿಂಗ್ ಕಂಪನಿ ಹುಟ್ಟಿದ ಮೇಲೆ. ಅದಕ್ಕೆ ಸ್ವಂತ ಕಂಬವಿಲ್ಲ, ತಂತಿಯಿಲ್ಲ. ಅದರ ಆಸ್ತಿ ಎಂದರೆ ಬೇರೆ ಕಂಪನಿಗಳ ಷೇರು.

ಒಂದು ಕಂಪನಿಯ ದೀರ್ಘಾವಧಿ ಸಾಲದ ಅವಲಂಬನೆ ಅಳೆಯೋಕೆ ಸರಳ ಸೂತ್ರವಿದೆ. ದೀರ್ಘಾವಧಿ ಸಾಲವನ್ನು ಒಟ್ಟು ಬಂಡವಾಳದಿಂದ, ಅಂದರೆ ಆ ಸಾಲ ಮತ್ತು ಷೇರುದಾರರ ಹಣ ಎರಡೂ ಸೇರಿದ ಮೊತ್ತದಿಂದ, ಭಾಗಿಸಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಂಪನಿಯ ಬಂಡವಾಳ 100 ರೂಪಾಯಿ. 50 ಬಾಂಡ್, 30 ಮತವಿಲ್ಲದ ಆದ್ಯತಾ ಷೇರು, 20 ಮತವಿರುವ ಷೇರು. ಸಾಲದ ಪ್ರಮಾಣ ಶೇ. 50. ಇದರ ಹಿಡಿತಕ್ಕೆ ಮತವಿರುವ ಷೇರಿನಲ್ಲಿ ಅರ್ಧ, ಅಂದರೆ ಹೆಚ್ಚುಕಡಿಮೆ 10 ರೂಪಾಯಿ ಸಾಕು. ಆ 10 ರೂಪಾಯಿಯನ್ನು ಎರಡನೇ ಕಂಪನಿ ಇದೇ ಪ್ರಮಾಣದಲ್ಲಿ ಎತ್ತುತ್ತದೆ: 5 ಬಾಂಡ್, 3 ಆದ್ಯತಾ ಷೇರು, 2 ಮತವಿರುವ ಷೇರು. ಅದರ ಹಿಡಿತಕ್ಕೆ 1 ರೂಪಾಯಿ. ಅದರ ಮೇಲೆ ಮೂರನೆಯದು ಬಂದರೆ 10 ಪೈಸೆ. ಪ್ರತಿ ಕಂಪನಿಯ ಪುಸ್ತಕ ಬೇರೆ ಬೇರೆ ನೋಡಿದರೆ ಸಾಲ ಶೇ. 50 ಮಾತ್ರ. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ, 10 ಪೈಸೆ ಹಾಕಿದವನು 100 ರೂಪಾಯಿ ಆಳುತ್ತಿದ್ದಾನೆ.

ಗಳಿಕೆ ಇಳಿದರೆ ಏನಾಗುತ್ತೆ? ಕೆಳಗಿನ ಕಂಪನಿಯ ಗಳಿಕೆ 8 ರೂಪಾಯಿಯಿಂದ 6ಕ್ಕೆ, ಅಂದರೆ ಕಾಲುಭಾಗ ಇಳಿಯಿತು ಅನ್ನಿ. ಬಾಂಡ್‌ಗೆ ಶೇ. 5, ಆದ್ಯತಾ ಷೇರಿಗೆ ಶೇ. 6 ಕೊಟ್ಟಾದ ಮೇಲೆ ಉಳಿಯುವುದು 3.70ರ ಬದಲು 1.70. ಅರ್ಧಕ್ಕಿಂತ ಹೆಚ್ಚು ಹೋಯಿತು. ಎರಡನೇ ಕಂಪನಿಯಲ್ಲಿ ಶೇ. 70ರಷ್ಟು ಮಾಯ. ಮೇಲಕ್ಕೆ ಹೋದಷ್ಟೂ ಪೆಟ್ಟು ಜೋರು.

ಇನ್ಸಲ್ ಈ ಗೋಪುರದ ಷೇರುಗಳನ್ನು ಮಾರಿದ್ದು ಯಾರಿಗೆ? ತನ್ನ ನೌಕರರಿಗೆ, ಕರೆಂಟ್ ಗ್ರಾಹಕರಿಗೆ, ಊರಿನ ಟೀಚರ್, ಅಂಗಡಿಯವರಿಗೆ. ಜನರೇ ಮಾಲೀಕರು ಎಂಬ ಪ್ರಚಾರ. ಮಾಲೀಕರೇನೋ ಆದರು, ಹಿಡಿತ ಮಾತ್ರ ಅವರ ಕೈಗೆ ಬರಲಿಲ್ಲ.

ಸೂತ್ರಕ್ಕೆ ಸಿಗದ ಸಾಲ

1928ರ ಹೊತ್ತಿಗೆ ಸೈರಸ್ ಈಟನ್ ಎಂಬ ಹಣಕಾಸುದಾರ ಇನ್ಸಲ್ ಕಂಪನಿಗಳ ಷೇರು ಗುಡ್ಡೆ ಹಾಕತೊಡಗಿದ. ಹಿಡಿತ ಕೈತಪ್ಪೀತು ಎಂಬ ಭಯಕ್ಕೆ ಇನ್ಸಲ್ ಗೋಪುರದ ತುದಿಯಲ್ಲಿ ಇನ್ನೆರಡು ಹೂಡಿಕೆ ಕಂಪನಿ ಕೂರಿಸಿದ. 1929ರ ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿದರೂ ಹೆದರಲಿಲ್ಲ. 1930ರಲ್ಲಿ ಈಟನ್ ಕೈಲಿದ್ದ ಷೇರುಗಳನ್ನು 5.6 ಕೋಟಿ ಡಾಲರ್‌ಗೆ, ಪೇಟೆ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡ. ಅದಕ್ಕೆ ಬ್ಯಾಂಕ್ ಸಾಲ ಎತ್ತಿದ, ಜೀವನವಿಡೀ ದೂರ ಇಟ್ಟಿದ್ದ ನ್ಯೂಯಾರ್ಕ್ ಬ್ಯಾಂಕುಗಳ ಬಾಗಿಲನ್ನೂ ತಟ್ಟಿದ.

ಈ ಸಾಲಕ್ಕೆ ಅಡಮಾನ ಯಂತ್ರವಲ್ಲ, ಷೇರು. ಅವಧಿ ಮೂವತ್ತು ವರ್ಷವಲ್ಲ, ಅಲ್ಪಾವಧಿ. ಹಾಗಾಗಿ ದೀರ್ಘಾವಧಿ ಸಾಲದ ಸೂತ್ರಕ್ಕೆ ಇದು ಸಿಗೋದೇ ಇಲ್ಲ. ಷೇರು ಬೆಲೆ ಇಳಿದಂತೆ ಬ್ಯಾಂಕುಗಳು ಇನ್ನಷ್ಟು ಅಡಮಾನ ಕೇಳಿದವು. 1931 ಮುಗಿಯುವಷ್ಟರಲ್ಲಿ ಕೊಡೋಕೆ ಏನೂ ಉಳಿದಿರಲಿಲ್ಲ. ಪುಸ್ತಕ ಪರಿಶೀಲಿಸಲು ಲೆಕ್ಕಪರಿಶೋಧಕ ಆರ್ಥರ್ ಆಂಡರ್ಸನ್ ಬಂದ. ಯಂತ್ರಗಳ ಸವಕಳಿ ಲೆಕ್ಕ ಹಾಕುವ ವಿಧಾನ ಬದಲಾದದ್ದೇ ತಡ, ಇದೆ ಎಂದುಕೊಂಡಿದ್ದ ಬಂಡವಾಳ ಕಾಗದದ ಮೇಲೆಯೇ ಕರಗಿತು. ಸೂತ್ರದಲ್ಲಿ ಕೆಳಗಿರುವ ಸಂಖ್ಯೆಯೇ ಸುಳ್ಳಾದರೆ ಸಿಗುವ ಪ್ರಮಾಣ ನಿಜವಾಗುವುದು ಹೇಗೆ? 1932ರ ಜೂನ್‌ನಲ್ಲಿ ಮಿಡಲ್ ವೆಸ್ಟ್ 1 ಕೋಟಿ ಡಾಲರ್ ಕಟ್ಟಬೇಕಿತ್ತು. ಬ್ಯಾಂಕುಗಳು ಒಪ್ಪಲಿಲ್ಲ. ಏಪ್ರಿಲ್‌ನಲ್ಲೇ ಕಂಪನಿ ನ್ಯಾಯಾಲಯದ ಸುಪರ್ದಿಗೆ ಹೋಯಿತು.

ಲಕ್ಷಾಂತರ ಜನರ ಉಳಿತಾಯ ನೀರುಪಾಲಾಯಿತು. ಅದೇ ವರ್ಷದ ಚುನಾವಣೆಯಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಇನ್ಸಲ್ ಹೆಸರು ಹಿಡಿದೇ ಪ್ರಚಾರ ಮಾಡಿದರು. ಇನ್ಸಲ್ ಯುರೋಪಿಗೆ, ಅಲ್ಲಿಂದ ಗ್ರೀಸ್‌ಗೆ ಹೋದ. 1934ರಲ್ಲಿ ಇಸ್ತಾನ್‌ಬುಲ್‌ನಲ್ಲಿ ಹಿಡಿದು ತಂದರು. ವಿಚಾರಣೆಯಲ್ಲಿ ತನ್ನ ಬದುಕಿನ ಕತೆಯನ್ನೇ ಹೇಳಿಕೊಂಡ. ಜ್ಯೂರಿ ಖುಲಾಸೆ ಮಾಡಿತು. ನಂತರದ ಮೊಕದ್ದಮೆಗಳಲ್ಲೂ ಶಿಕ್ಷೆಯಾಗಲಿಲ್ಲ.

ಗಮನಿಸಿ: ಮೇಲಿನ ಗೋಪುರ ಉರುಳಿದರೂ ತಳದ ಕಾಮನ್‌ವೆಲ್ತ್ ಎಡಿಸನ್ ಉಳಿಯಿತು. ಚಿಕಾಗೋಗೆ ಇವತ್ತಿಗೂ ಕರೆಂಟ್ ಕೊಡುತ್ತಿರುವುದು ಅದೇ. ಯಂತ್ರದ ಮೇಲಿನ ದೀರ್ಘ ಸಾಲ ಮುಳುಗಿಸಲಿಲ್ಲ. ಕಾಗದದ ಮೇಲಿನ ಸಾಲ ಮುಳುಗಿಸಿತು.

ನಮ್ಮ ಬಿಲ್‌ನೊಳಗಿನ ಸಾಲ

1935ರಲ್ಲಿ ಅಮೆರಿಕ ಇಂಥ ಗೋಪುರಗಳನ್ನು ಒಡೆಯುವ ಕಾಯ್ದೆ ತಂದಿತು, 2005ರಲ್ಲಿ ಅದನ್ನು ರದ್ದು ಮಾಡಿತು. ನಡುವೆ, 2001ರಲ್ಲಿ, ಸಾಲವನ್ನು ಪುಸ್ತಕದಿಂದಾಚೆ ಬಚ್ಚಿಟ್ಟ ಎನ್ರಾನ್ ಮುಳುಗಿತು. ಮಹಾರಾಷ್ಟ್ರದ ದಾಭೋಲ್ ಯೋಜನೆ ಕಟ್ಟಿದ್ದು ಅದೇ ಕಂಪನಿ. ಅದರ ಲೆಕ್ಕ ನೋಡುತ್ತಿದ್ದದ್ದು ಆರ್ಥರ್ ಆಂಡರ್ಸನ್ ಹೆಸರಿನ ಸಂಸ್ಥೆ!

ಇನ್ಸಲ್ ಬಯಸಿದ್ದಂಥ ಆಯೋಗ ಕರ್ನಾಟಕಕ್ಕೆ ಬಂದದ್ದು 1999ರಲ್ಲಿ, ಕೆಇಆರ್‌ಸಿ ರೂಪದಲ್ಲಿ. ನಮ್ಮ ದೇಶದ ದರ ನಿಯಮಗಳಲ್ಲಿ ವಿದ್ಯುತ್ ಯೋಜನೆಗೆ ಸಾಮಾನ್ಯವಾಗಿ ಒಪ್ಪುವ ಪ್ರಮಾಣ 70 ಪಾಲು ಸಾಲ, 30 ಪಾಲು ಸ್ವಂತ ಬಂಡವಾಳ. ಆ ಸಾಲದ ಬಡ್ಡಿ ಸೇರುವುದು ನಮ್ಮ ಬಿಲ್‌ಗೆ. ಹಾಗಾಗಿ ಇದು ಷೇರುಪೇಟೆಯವರ ತಲೆನೋವು ಮಾತ್ರ ಅಲ್ಲ.

ದರ ಏರಿಕೆಯ ಬಗ್ಗೆ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯೂನಿಟ್‌ಗೆ ಎಷ್ಟು ಪೈಸೆ ಏರಿತು ಅಂತ ಕೇಳುವವರು ಅಲ್ಲಿ ಬಹಳ ಜನ. ಮುಂದಿನ ಸಲ ನೀವು ಹೋದರೆ ಇನ್ನು ಮೂರನ್ನು ಕೇಳಿ. ಸಾಲದ ಹಿಂದೆ ಇರುವುದು ತಂತಿ, ಟ್ರಾನ್ಸ್‌ಫಾರ್ಮರೋ ಅಥವಾ ಹಳೆಯ ನಷ್ಟವೋ? ಅದನ್ನು ಯಾವಾಗ ತೀರಿಸಬೇಕು? ಈ ಕಂಪನಿಯ ಪುಸ್ತಕದಲ್ಲಿ ಕಾಣದ, ಇನ್ನೊಂದು ಕಂಪನಿಯ ಹೆಸರಲ್ಲಿ ಕೂತ ಸಾಲ ಎಷ್ಟಿದೆ?