ಯಂತ್ರಗಳಿಗೆ ಒಂದು ಭಾಷೆ: ಗ್ರೇಸ್ ಹಾಪರ್

ಗಣಕಯಂತ್ರದ ಉದ್ಯೋಗವನ್ನು ನಂಬಿ ಊರು ಬಿಟ್ಟು ಬಂದ ಕನ್ನಡ ಸಂಸಾರಗಳು ಇಂದು ನಮ್ಮಲ್ಲಿ ಅನೇಕವಿವೆ. ಆ ಉದ್ಯೋಗಕ್ಕೆ ಹಾದಿ ಕಡಿದವರಲ್ಲಿ ಒಬ್ಬರಾದ ಅಮೆರಿಕದ ಗ್ರೇಸ್ ಹಾಪರ್ ಅವರ ಜೀವನವನ್ನು ವಾಚಕರ ಮುಂದಿಡಲು ನಾವು ಹರ್ಷಿಸುತ್ತೇವೆ.

1906ನೆಯ ಡಿಸೆಂಬರ್ 9ರಂದು ನ್ಯೂಯಾರ್ಕಿನಲ್ಲಿ ಜನಿಸಿದ ಹಾಪರ್, 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ವಾಸರ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದರು. ಯುದ್ಧಕಾಲದಲ್ಲಿ, 1943ರಲ್ಲಿ, ನೌಕಾದಳದ ಮೀಸಲು ಪಡೆಯನ್ನು ಸೇರಿ, ಹಾರ್ವರ್ಡಿನ ಬೃಹದ್ಯಂತ್ರಕ್ಕೆ ಲೆಕ್ಕದ ಆದೇಶಗಳನ್ನು ಬರೆಯತೊಡಗಿದರು. 1949ರಲ್ಲಿ ಯೂನಿವ್ಯಾಕ್ ಯಂತ್ರದ ತಯಾರಕರಲ್ಲಿ ಉದ್ಯೋಗ ಹಿಡಿದು, ಮುಂದೆ ಇಂಗ್ಲಿಷ್ ಪದಗಳಿಂದಲೇ ಯಂತ್ರಕ್ಕೆ ಕೆಲಸ ಹೇಳುವ ಫ್ಲೋ-ಮ್ಯಾಟಿಕ್ ಎಂಬ ಭಾಷೆಯನ್ನು ರೂಪಿಸಿದರು.

ಆದರೆ ಆ ಕಾಲದಲ್ಲಿ ಒಂದೊಂದು ಕಂಪನಿಗೂ ಒಂದೊಂದು ಭಾಷೆ. ಕೊಂಡವರು ಯಂತ್ರವನ್ನು ಬದಲಾಯಿಸಿದರೆ ಸಂಬಳದ ಪಟ್ಟಿ, ದಾಸ್ತಾನಿನ ಲೆಕ್ಕ, ಎಲ್ಲದರ ಆದೇಶಗಳನ್ನೂ ಹೊಸದಾಗಿ ಬರೆಯಿಸಬೇಕು. ತಯಾರಕರಿಗೆ ಇದರಿಂದ ನಷ್ಟವಿರಲಿಲ್ಲ. ಕೊಂಡವರು ಮಾತ್ರ ಗಾಣದ ಎತ್ತಿನಂತೆ ಅಲ್ಲೇ ಸುತ್ತಬೇಕಾಗಿತ್ತು. 1959ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ಇಬ್ಬರನ್ನೂ ಒಂದೆಡೆ ಸೇರಿಸಿತು. ಭಾಷೆ ರೂಪಿಸುವ ಸಮಿತಿಯಲ್ಲಿ ಆರು ತಯಾರಕರೂ ಮೂರು ಸರ್ಕಾರಿ ಸಂಸ್ಥೆಗಳೂ ಕುಳಿತವು. ಐಬಿಎಂ ಮತ್ತು ಹನಿವೆಲ್ ಕಂಪನಿಗಳಿಗೆ ತಮ್ಮ ತಮ್ಮ ಭಾಷೆಗಳೇ ಇದ್ದವು. ಹಾಪರ್ ಆ ಸಮಿತಿಯ ಸದಸ್ಯರಲ್ಲ, ಅದರ ಮೇಲಿನ ಮಂಡಲಿಗೆ ಸಲಹೆಗಾರರು. ಆದರೂ ಹೊಸ ಭಾಷೆಯಾದ ಕೋಬಾಲ್‌ಗೆ ಫ್ಲೋ-ಮ್ಯಾಟಿಕ್ ಮುಖ್ಯ ಆಧಾರವಾಯಿತು. 1960ರ ಡಿಸೆಂಬರಿನಲ್ಲಿ ಒಂದೇ ಪ್ರೋಗ್ರಾಂ, ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ, ಆರ್‌ಸಿಎ ಯಂತ್ರದಲ್ಲೂ ಯೂನಿವ್ಯಾಕ್ ಯಂತ್ರದಲ್ಲೂ ನಡೆಯಿತು. ಕೋಬಾಲ್ ಅರಿಯದ ಯಂತ್ರವನ್ನು ಸಾಮಾನ್ಯವಾಗಿ ಕೊಳ್ಳುವುದಿಲ್ಲವೆಂದು ಸರ್ಕಾರ ಪಟ್ಟು ಹಿಡಿಯಿತು, ತಯಾರಕರು ಒಪ್ಪಬೇಕಾಯಿತು.

ಒಪ್ಪಿದರೂ ಒಬ್ಬೊಬ್ಬ ತಯಾರಕರು ತಮ್ಮದೇ ಸೇರ್ಪಡೆಗಳನ್ನು ಮಾಡಿಕೊಳ್ಳುತ್ತ, ಒಂದೇ ಭಾಷೆ ಮತ್ತೆ ಹಲವಾಗತೊಡಗಿತು. 1966ರ ಕೊನೆಯಲ್ಲಿ ನಿವೃತ್ತರಾಗಿದ್ದ ಹಾಪರ್ ಅವರನ್ನು 1967ರಲ್ಲಿ ನೌಕಾದಳ ಮತ್ತೆ ಕರೆಯಿತು. ಯಂತ್ರದೊಡನೆ ಬಂದ ಕೋಬಾಲ್ ನಿಯಮಕ್ಕೆ ಸರಿಯಿದೆಯೇ ಎಂದು ನೋಡುವ ಪರೀಕ್ಷಾ ಪ್ರೋಗ್ರಾಂಗಳನ್ನು ಅವರ ತಂಡ ಸಿದ್ಧಪಡಿಸಿತು. 1968ರಲ್ಲಿ ಕೋಬಾಲ್‌ಗೆ ಅಮೆರಿಕದ ರಾಷ್ಟ್ರೀಯ ಪ್ರಮಾಣದ ಮಾನ್ಯತೆಯೂ ದೊರೆಯಿತು.

ಸಂತೆಯಲ್ಲಿ ವ್ಯಾಪಾರಿ ತನ್ನ ಧಾನ್ಯಕ್ಕೆ ತನ್ನ ಬೆಲೆ ಹೇಳಬಹುದು. ಸೇರು ಮಾತ್ರ ಎಲ್ಲರಿಗೂ ಒಂದೇ ಇರಬೇಕು, ಅದನ್ನು ಅಳೆದು ನೋಡಿ ಮುದ್ರೆ ಒತ್ತುವವರೂ ಇರಬೇಕು. ತಯಾರಕರು ವೇಗದಲ್ಲೂ ಬೆಲೆಯಲ್ಲೂ ಸ್ಪರ್ಧಿಸಲಿ, ಭಾಷೆ ಕೊಂಡವರ ಕೈಬಿಡದಿರಲಿ ಎಂಬುದನ್ನೇ ಹಾಪರ್ ಅವರ ದುಡಿಮೆ ಸಾಧಿಸಿಕೊಟ್ಟಿತೆಂದು ನಾವು ಭಾವಿಸುತ್ತೇವೆ. 1986ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾದ ಈ ಮಹಿಳೆ 1992ರ ಜನವರಿ 1ರಂದು ಕಾಲವಾದರು.